ಹರಕೆಯ ಬಾಟ್ಲಿ, ಅಳಿಯನ ಚಕ್ಕುಲಿ

ಕುಡಿತ ಬಿಟ್ಟ ಖುಷಿಗೆ ಮೊನ್ನೆ ಒಂದು ಬಾಟ್ಲಿ ಕಳ್ಳು ತಂದೆ. ನಗಬೇಡಿ. ಬಿಟ್ಟದ್ದು ನನ್ನ ಅಕ್ಕನ ಮಗ ಪ್ರಕಾಶ, ಬಾಟ್ಲಿ ನಮ್ಮ ಊರಿನ ದೈವ ಕೊರಗಜ್ಜನಿಗೆ.

ಮುಂಬಯಿಯ ಬಾರಿನಲ್ಲಿ ಕೆಲಸಕ್ಕಿದ್ದವನು ಎರಡು ಚಟ ಹೊತ್ತುಕೊಂಡು ನಮ್ಮ ಅಲೆವೂರಿಗೆ ಬಂದಿದ್ದ. ಒಂದು ಕುಡಿತ, ಇನ್ನೊಂದು ಕೊಕೇನ್. (ಆ ಹೆಸರು ನಾನು ಕೇಳಿದ್ದು ಸಿನೆಮಾದಲ್ಲಿ ಮಾತ್ರ.) ಮಗ ಉಳಿಯಲಿ ಎಂದು ಅಕ್ಕ ಅಜ್ಜನಿಗೆ ಹರಕೆ ಹೇಳಿದಳು. ನಾನು ಅವನನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ವಂತ ವೆಲ್ಡಿಂಗ್ ಶಾಪ್ ಕಟ್ಟಿದವ ನಾನು. ತುಂಡಾದದ್ದನ್ನು ಹಾಗೇ ಬಿಟ್ಟು ಅಭ್ಯಾಸವಿಲ್ಲ.

"ಮೊದಲು ಆ ಕೊಕೇನ್ ಪುಡಿ ಬಿಡಿಸಿ ಮೇಡಂ, ಕುಡಿತ ಆಮೇಲೆ ನೋಡುವ" ಎಂದೆ ಡಾಕ್ಟರಮ್ಮನ ಹತ್ತಿರ.

"ಎರಡೂ ಒಟ್ಟಿಗೇ ಬಿಡಬೇಕು. ಒಂದು ಪೆಗ್ ಒಳಗೆ ಹೋದರೆ ಇವರಿಗೆ ಪುಡಿಯ ನೆನಪಾಗುತ್ತದೆ. ಪುಡಿಯ ಚಟಕ್ಕೆ ಇಂಥದ್ದೇ ಮಾತ್ರೆ ಅಂತ ಇಲ್ಲ. ವಾರ ವಾರ ಬಂದು ಮಾತಾಡಬೇಕು."

ಮಾತಾಡಿದರೆ ಚಟ ಹೋಗುತ್ತದೆಯೇ? ನನಗೆ ನಂಬಿಕೆ ಇರಲಿಲ್ಲ. ನಡುಕ ಇಳಿಯುವವರೆಗೆ ಅಡ್ಮಿಟ್, ಆಮೇಲೆ ವಾರ ವಾರ ಬಸ್ಸು. ನಡುವೆ ಒಮ್ಮೆ ಜಾರಿ ಕುಡಿದ. ಮರುದಿನವೇ ಪುಡಿ ಹುಡುಕಿಕೊಂಡು ಮುಂಬಯಿ ಬಸ್ಸು ಹತ್ತಲು ಹೊರಟ! ಉಡುಪಿಯ ಬಸ್‌ಸ್ಟ್ಯಾಂಡಿನಿಂದ ಎಳೆದು ತಂದೆ. ಡಾಕ್ಟರಮ್ಮ ಬೈಯಲಿಲ್ಲ, ಮತ್ತೆ ಶುರು ಮಾಡಿಸಿದರು. (ನಾನು ಬೈದೆ. ಅವರ ಪಾಲಿನದ್ದೂ ಸೇರಿಸಿ.) ಮಳೆಗಾಲ ಮುಗಿಯುವಾಗ ಹುಡುಗ ಹೊಟ್ಟೆ ತುಂಬ ಉಣ್ಣತೊಡಗಿದ್ದ.

ಹರಕೆ ತೀರಿಸಬೇಕಲ್ಲ? ಸಂಜೆ ಅಜ್ಜನ ಕಟ್ಟೆಯಲ್ಲಿ ಕಳ್ಳು, ಚಕ್ಕುಲಿ, ವೀಳ್ಯ ಇಟ್ಟಾಯಿತು. ಅಜ್ಜನ ಸೇವೆ ಮಾಡುವ ಶೀನಣ್ಣ ಪ್ರಾರ್ಥನೆ ಮುಗಿಸಿದವರೇ ಲೋಟಕ್ಕೆ ಸ್ವಲ್ಪ ಕಳ್ಳು ಬಗ್ಗಿಸಿ ಪ್ರಕಾಶನ ಮುಂದೆ ಹಿಡಿದರು.

"ತೆಗೊ ಮಾರಾಯ, ಪ್ರಸಾದ. ಬೇಡ ಹೇಳಬಾರದು."

ಹರಕೆ ಹೇಳಿದ ಅಕ್ಕನಿಗಾಗಲಿ, ಬಾಟ್ಲಿ ತಂದ ನನಗಾಗಲಿ ಇದು ಹೊಳೆದೇ ಇರಲಿಲ್ಲ! ಬೇಡವೆಂದರೆ ಅಜ್ಜನಿಗೆ ಅವಮಾನ. ಕುಡಿದರೆ? ಮತ್ತೆ ಆ ಬಸ್‌ಸ್ಟ್ಯಾಂಡು.

ಪ್ರಕಾಶ ಲೋಟ ನೋಡಿದ. ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಆಮೇಲೆ ಕೈ ಮುಗಿದ.

"ಶೀನಣ್ಣ, ನನ್ನ ಪಾಲಿನದ್ದನ್ನು ಅಜ್ಜನಿಗೇ ಕೊಟ್ಟಾಗಿದೆ. ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವುದುಂಟಾ? ನನಗೆ ಚಕ್ಕುಲಿ ಕೊಡಿ."

ಶೀನಣ್ಣ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. ಲೋಟವನ್ನು ಅಜ್ಜನ ಕಲ್ಲಿನ ಬುಡಕ್ಕೇ ಬಗ್ಗಿಸಿದರು. "ಅಜ್ಜನಿಗೆ ಇವತ್ತು ಡಬ್ಬಲ್!"

ದಾರಿಯುದ್ದಕ್ಕೂ ಹುಡುಗನ ಬಾಯಲ್ಲಿ ಚಕ್ಕುಲಿ ಕುಟುಂ ಕುಟುಂ. "ಮಾವ, ನಿಮಗೆ ಬೇಕಾ?" ಎಂದ. ಅರ್ಧ ಮುರಿದು ನಾನೂ ಬಾಯಿಗೆ ಹಾಕಿಕೊಂಡೆ.

ಮದುವೆಮನೆಯ ಹಿತ್ತಿಲಲ್ಲಿ "ಒಂದೇ ಒಂದು ಮಾರಾಯ" ಎಂದು ಕೈಗೆ ಗ್ಲಾಸು ತುರುಕುವ ನೆಂಟರೇ, ಅಜ್ಜನೇ ಒತ್ತಾಯ ಮಾಡಲಿಲ್ಲ, ನಿಮ್ಮದೆಂತ?