ಯಾರ ಬಾಯಿ?

ಬಾಣಲ್ಯಾಗ ಒಣ ಮೆಣಸಿನಕಾಯಿ ಒಂಚೂರು ಕರ್ರಗಾದ್ರ ಸಾಕು, ಆ ಘಾಟಿಗೆ ಕೆಮ್ಮಕೋತ ನಾ ಮನಸಿನಾಗ ಬ್ಯಾಡಗಿಯ ನಮ್ಮ ಹಳೇ ಮನಿ ಪಡಸಾಲಿಗೆ ಹೋಗಿ ಕುಂತುಬಿಡ್ತೇನಿ. ಕೆಂಪನ್ನ ಕಾಯಿ ರಾಶಿ, ಸುತ್ತ ಕುಂತು ತುಂಬು, ಅಂದ್ರ ಕಾಯಿ ತೊಟ್ಟು, ಬಿಡಿಸೋ ಹೆಣ್ಮಕ್ಕಳು, ಕಂಬಕ್ಕ ಬೆನ್ನು ಕೊಟ್ಟ ನಮ್ಮಜ್ಜಿ. ಆಕಿಗೆ ನಾವೆಲ್ಲ ಆಯಿ ಅಂತಿದ್ವಿ. ಕೈ ಕೆಲಸದಾಗಿದ್ರ ಬಾಯಿ ಸುಮ್ಮ ಇರ್ತದೇನ್ರಿ? ಊರ ಸುದ್ದಿಯೆಲ್ಲ ಅಲ್ಲೇ ಬಂದು ಬೀಳ್ತಿತ್ತು. ಯಾರು ಏನ ಹೇಳಲಿ, ಆಯಿ ತಲಿ ಎತ್ತದ ಕೇಳ್ತಿದ್ಲು, "ಯಾರ ಬಾಯಿ?" ಕಣ್ಣಾರೆ ಕಂಡವರ ಬಾಯಾದ್ರ ಕಿವಿ ಕೊಡ್ತಿದ್ಲು. ಮೂರು ಮಂದಿ ಅಂದ್ರು ಅಂದ್ರ, ಆ ಮೂವರಿಗೂ ಹೇಳಿದ ಬಾಯಿ ಒಂದ ಇರಬೇಕು ಅಂತ ನಗ್ತಿದ್ಲು. ಆ ಹೆಣ್ಮಕ್ಕಳೊಳಗ ಪಾರವ್ವ ನನ್ನ ಎತ್ತಿ ಆಡಿಸಿದಾಕಿ. ಖಾರದ ಕೈ ಕೂಸಿಗೆ ತಾಗಬಾರದಂತ ಹಿತ್ತಲದಾಗ ಎಣ್ಣಿ ಹಚ್ಚಿ ತೊಳಕೊಂಡು, ಮೂಸಿ ನೋಡಿ, ಮತ್ತ ತೊಳಕೊಂಡು, ಆಮ್ಯಾಲ ನನ್ನ ಕರೀತಿದ್ಲು.

ನಾ ಹೊಸರಿತ್ತಿಯೊಳಗ ಇದ್ದು ಸಾಲಿ ಕಲಿಯೋವಾಗ ಆ ಮನಿ ಕಾಯಿ ಸಮೇತ ಸುಟ್ಟು ಬೂದಿ ಆತು. ವಾಯರಿನಿಂದ ಕಿಡಿ ಹಾರಿದ್ದನ್ನ ಆಯಿ ತಾನ ನೋಡಿದ್ಲು, ನನ್ನ ಮುಂದ ಹೇಳಿದ್ಲು. ಊರು ಮಾತ್ರ ಪಾರವ್ವ ಚಾ ಕಾಸಾಕ ಹಚ್ಚಿದ ಒಲಿಯಿಂದ ಬೆಂಕಿ ಬಿತ್ತು ಅಂತು. ಆ ಮಾತು ಹೊತ್ತುಕೊಂಡ ಪಾರವ್ವ ತೀರಿಹೋದ್ಲು, ಹಿಂದ ಆಯಿನೂ ಹೋದ್ಲು.

ಈಗ ನನ್ನ ಮಗಳು ಹಾವೇರಿ ಕಾಲೇಜಿನಾಗ ಬ್ಯಾಡಗಿಯ ಹಳೇ ವ್ಯಾಪಾರದ ಮನಿಗಳ ಮ್ಯಾಲ ಪ್ರಾಜೆಕ್ಟ್ ಮಾಡಾಕತ್ತಾಳ. ಮೊಬೈಲಿನಾಗ ಮೂರು ಕಡೆ ನಮ್ಮ ಮನಿ ಸುದ್ದಿ ಸಿಕ್ತು. ಮೂರರಾಗೂ ಪಾರವ್ವನ ಒಲಿ. ಮಗಳ ಕೈಯಿಂದ ಮೊಬೈಲು ಇಸಕೊಂಡೆ. ನೋಡಿದ್ರ, ಮೂರರಾಗೂ ಊರ ಹೆಸರಿನಾಗ ಅದ ಒಂದ ತಪ್ಪು ಐತಿ. ಬಾಯಿ ಒಂದ ಐತಿ ನೋಡು, ಮೂರಲ್ಲ ಅಂದೆ. ಮಗಳು ಒಪ್ಪಿ, ಪಾರವ್ವನ ಒಲಿ ಅಂತ ತಾ ಬರಕೊಂಡಿದ್ದ ಸಾಲು ಹೊಡದು ಹಾಕಿದ್ಲು. ಹಂಗಾದ್ರ ಖರೇ ಏನಂತನೂ ಬರಿ, ವಾಯರಿನ ಕಿಡಿ ಅಂತ ಬರಿ, ಆಕಿ ಹೆಸರು ತೊಳದಂಗಾಗಲಿ ಅಂತ ಹಟ ಹಿಡದೆ.

ಮಗಳಿಗೂ ಆಯಿ ಪಾಠ ಕಲಿಸಿದಾಕಿ ನಾನ. ಮೆಲ್ಲಕ ಕೇಳಿದ್ಲು, "ಯಾರ ಬಾಯಿ, ಅವ್ವಾ? ನೀ ಅಲ್ಲಿದ್ದೇನು?"

"ಆಯಿ ಬಾಯಿ."

"ಆಯಿ ಎಲ್ಲಿ ಅದಾಳವ್ವಾ?"

ಇಬ್ಬರೂ ಕೂಡಿ ಹಳೇ ಪೇಪರು ಹುಡುಕಿದ್ವಿ, ಉಳಿದ ಮುದುಕರನ್ನ ಕೇಳಿದ್ವಿ. ಕಂಡವರು ಒಬ್ಬರೂ ಸಿಗಲಿಲ್ಲ. "ಬೆಂಕಿಗೆ ಕಾರಣ ತಿಳಿದುಬಂದಿಲ್ಲ" ಅಂತ ಬರದು ಮಗಳು ಮುಂದಿನ ಪುಟಕ್ಕ ಹೋದ್ಲು. ತಪ್ಪಲ್ಲ ಅದು, ಆಯಿನೂ ಹಂಗ ಬರಸ್ತಿದ್ಲು. ಆದ್ರ ನನ್ನ ಕಣ್ಣ ಮುಂದ ಆ ಹಿತ್ತಲದಾಗ ಪಾರವ್ವ ಇನ್ನೂ ಕೈ ತೊಳಕೋತನ ನಿಂತಾಳ, ಮೂಸಿ ಮೂಸಿ ನೋಡ್ತಾಳ, ಖಾರ ಹೋಗವಲ್ದು.