ಶಂಕ್ರಕ್ಕ ಎಂಬ ಹೆಸರು

ಪಕ್ಕದ ಫ್ಲ್ಯಾಟಿನಲ್ಲಿ ಯಾರೋ ಶೇಂಗಾ ಹುರಿಯುತ್ತಿದ್ದಾರೆ. ನಾನು ಎದ್ದುಹೋಗಿ ಕಿಟಕಿ ಮುಚ್ಚಿದೆ. ಇಷ್ಟು ಒಳ್ಳೆಯ ವಾಸನೆಗೆ ಯಾರಾದರೂ ಕಿಟಕಿ ಮುಚ್ಚುತ್ತಾರೆಯೇ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ.

ನಾನು ಮೊದಲೆಲ್ಲ ಕಡಲೆಕಾಯಿ ಎನ್ನುತ್ತಿದ್ದವಳು. ಶೇಂಗಾ ಎನ್ನಲು ಕಲಿಸಿದ್ದು, ಬಾಗಲಗುಂಟೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ರಾಣೆಬೆನ್ನೂರು ಕಡೆಯ ಶಂಕರಮ್ಮ. ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ಬೀದಿಗೆಲ್ಲ ಆಕೆ ಶಂಕ್ರಕ್ಕ. ಅವರ ಶೇಂಗಾ ಚಟ್ನಿಪುಡಿ ಮನೆಯಿಂದ ಮನೆಗೆ ಹರಿದಾಡಿ, ಅಂಗಡಿಯವರೂ ಕೇಳತೊಡಗಿದಾಗ ಪ್ಯಾಕೆಟ್ಟಿಗೊಂದು ಹೆಸರು ಬೇಕಾಯಿತು. ಕನ್ನಡ ಎಂ.ಎ. ಎಂಬ ಒಂದೇ ಅರ್ಹತೆಯ ಮೇಲೆ ಆ ಹೊಣೆ ನನಗೆ ಬಂತು. ಬಹಳ ಗಂಭೀರವಾಗಿ ಯೋಚಿಸಿ 'ರುಚಿರಾಮೃತ', 'ಸ್ವಾದಸುಧಾ' ಎಂದೆಲ್ಲ ಒಪ್ಪಿಸಿದೆ.

"ಟಾನಿಕ್ ಬಾಟ್ಲಿ ಮ್ಯಾಲೆ ಇರ್ತಾವಲ್ರೀ, ಅಂಥಾವು," ಎಂದು ನಕ್ಕರು.

"ಹಾಗಾದ್ರೆ ಶಂಕ್ರಕ್ಕ ಅಂತ ನಿಮ್ಮ ಹೆಸರೇ ಇಡಿ. ಒಂದ್ಸಲ ಕೇಳಿದೋರು ಮರೆಯಲ್ಲ."

ನಾಚಿಕೊಂಡೇ ಒಪ್ಪಿದರು. ಮೊದಲ ಪ್ಯಾಕೆಟ್ಟನ್ನು ದೇವರ ಮುಂದಿಡುವಾಗ, ಅಚ್ಚಾಗಿದ್ದ ತಮ್ಮ ಹೆಸರಿನ ಮೇಲೆ ಮೆಲ್ಲಗೆ ಬೆರಳಾಡಿಸಿದರು.

ಹೆಸರು ಹಿಡಿಯಿತು. ಟಿ. ದಾಸರಹಳ್ಳಿಯ ವಿತರಕ ಮಹೇಶ ಪಾಲುದಾರನಾಗಿ ಸೇರಿ, ಪುಡಿಯನ್ನು ಊರಿನ ಆಚೆ ತುದಿಯ ಅಂಗಡಿಗಳಿಗೂ ಮುಟ್ಟಿಸಿದ. ಹೆಸರು ನೋಂದಾಯಿಸುವ ಓಡಾಟವನ್ನೂ ಅವನೇ ವಹಿಸಿಕೊಂಡ. ಆಮೇಲೆ ಶೇಂಗಾ ಕಡಿಮೆಮಾಡಿ ಹುರಿಗಡಲೆ ಬೆರೆಸತೊಡಗಿದ. ಶಂಕ್ರಕ್ಕ ಜಗಳವಾಡಿ ಹೊರಬಂದು, ಮನೆಯಲ್ಲೇ ಮತ್ತೆ ಒಲೆ ಹಚ್ಚಿದರು. ವಕೀಲರ ನೋಟಿಸು ಬಂತು. ಹೆಸರನ್ನು ಮಹೇಶ ತನ್ನದಾಗಿ ಮಾಡಿಸಿಕೊಂಡಿದ್ದ. ಬೇರೆ ಯಾರೂ ಅದನ್ನು ಬಳಸುವಂತಿರಲಿಲ್ಲ.

"ನನ್ನ ಹೆಸರೈತಲ್ಲೋ ಅದು! ನಮ್ಮಪ್ಪ ಇಟ್ಟದ್ದು!" ಎಂದು ನನ್ನೆದುರೇ ಫೋನಿನಲ್ಲಿ ಕೂಗಿದರು.

ಸ್ಪೀಕರಿನಲ್ಲಿ ಕೇಳಿದ ಮಹೇಶನ ದನಿ ಏರಲಿಲ್ಲ. "ಹೆಸರು ನಿಮ್ದೇ ಅಕ್ಕಾ. ಪ್ಯಾಕೆಟ್ ಮೇಲಿಂದು ಮಾತ್ರ ನಮ್ದು."

ಮತ್ತೆ ಇಬ್ಬರೂ ಹೆಸರು ಹುಡುಕುತ್ತ ಕೂತೆವು. ಈ ಸಲ ಅವರು ಯಾವುದಕ್ಕೂ ನಗಲಿಲ್ಲ, ಯಾವುದನ್ನೂ ಬೇಡವೆನ್ನಲಿಲ್ಲ. ಹೊಸ ಪ್ಯಾಕೆಟ್ ಹಿಡಿದು ಹೋದರೆ ಅಂಗಡಿಯವನು, "ನಮ್ಗೆ ಶಂಕ್ರಕ್ಕಂದೇ ಬೇಕು," ಎಂದ.

"ನಾನೇ ಶಂಕ್ರಕ್ಕ ಅದೀನ್ರೀ."

ಅವನು ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದ್ರ ಮೇಲೆ ಇಲ್ವಲ್ಲಾ."

ಕೆಲವು ತಿಂಗಳಲ್ಲಿ ಒಲೆ ಆರಿತು. ಗಂಡನಿಗೆ ಜಿಗಣಿಯಲ್ಲಿ ಕೆಲಸ ಸಿಕ್ಕಿ ಅವರು ಮನೆ ಖಾಲಿಮಾಡಿದರು. ನಾವೂ ವೈಟ್‌ಫೀಲ್ಡಿಗೆ ಬಂದೆವು.

ಹೋದ ವಾರ ಜಿಗಣಿಗೆ ಗೃಹಪ್ರವೇಶಕ್ಕೆ ಹೋಗಿದ್ದೆ. ದಿನಸಿ ಅಂಗಡಿಯೊಂದರ ಮುಂದೆ ಅವರೇ ನಿಂತಿದ್ದರು, ಕೊರಳಲ್ಲಿ ಯಾವುದೋ ಕಂಪನಿ ಕ್ಯಾಂಟೀನಿನ ಗುರುತಿನ ಚೀಟಿ. ಸಂತೋಷ ತಡೆಯಲಾರದೆ ರಸ್ತೆಯಿಂದಲೇ ಕೂಗಿದೆ: "ಶಂಕ್ರಕ್ಕಾ!"

ತಿರುಗಿದವನು ಅಂಗಡಿಯವನು. "ಯಾವ್ದು ಕೊಡ್ಲಿ ಮೇಡಂ, ಶೇಂಗಾದ್ದಾ, ಅಗಸೆದಾ?"

ಅವರು ತಿರುಗಲಿಲ್ಲ. ಆ ಕೂಗು ತಮಗಿರಬಹುದೆಂದು ಅವರಿಗೆ ಅನ್ನಿಸಿದಂತೆಯೇ ಕಾಣಲಿಲ್ಲ. ಸೋಪು ತೆಗೆದುಕೊಂಡು ರಸ್ತೆ ದಾಟಿದರು. ಇನ್ನೊಮ್ಮೆ ಕರೆಯಲು ಬಾಯಿ ತೆರೆದೆ. ಏನೆಂದು ಕರೆಯಬೇಕೋ ತಿಳಿಯಲಿಲ್ಲ.