ಹದಿನೈದು ರೊಟ್ಟಿಯ ಲೆಕ್ಕ

ಗೆಳತಿ, ನನ್ನ ಮದುವೆಯಾಯಿತು, ಪುಣೆಯ ನಮ್ಮ ಪುಟ್ಟ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೇ ಕೂತು ಉಣ್ಣುತ್ತೇವೆ ಗೊತ್ತಾ! ಇವತ್ತು ಬಿಸಿ ರೊಟ್ಟಿಯ ವಾಸನೆಗೆ ನಮ್ಮೂರು ಘೋಡಗೇರಿಯ ಅಡುಗೆಮನೆ ನೆನಪಾಯಿತು.

ಚಿಕ್ಕವಳಿದ್ದಾಗ ಬೆಳಗಾವಿಯ ಇಂಗ್ಲಿಷ್ ಶಾಲೆಗೆ ನನ್ನನ್ನು ತಯಾರು ಮಾಡುತ್ತಿದ್ದ ಕಾಕಾ ಊಟಕ್ಕೆ ಕೂತಾಗಲೇ ಬಾಯಿಲೆಕ್ಕ ಕೇಳುತ್ತಿದ್ದರು. ಒಂದು ದಿನ ಹೀಗೆ ಕೇಳಿದರು:

"ಬುಟ್ಟ್ಯಾಗ ಹದಿನೈದು ರೊಟ್ಟಿ. ಐದು ಮಂದಿ ಗಂಡಸರು ಮೂರು ಮೂರು ತಿಂದ್ರ ಎಷ್ಟು ಉಳೀತಾವ?"

"ಏನೂ ಉಳಿಯಂಗಿಲ್ಲರಿ!"

"ಭಾಳ ಶಾಣ್ಯಾಕಿ!" ಗಂಡಸರೆಲ್ಲ ನಕ್ಕು, ಅಷ್ಟನ್ನೂ ತಿಂದು ಮುಗಿಸಿದರು.

ಒಲೆಯ ಮುಂದೆ ಅವ್ವನ ಹಿಟ್ಟಿನ ಡಬ್ಬಿ ಖಾಲಿಯಾಗಿತ್ತು. "ಮತ್ತ ಅವ್ವಗ?" ಎಂದೆ.

"ನಿಮ್ಮವ್ವ ಎಲ್ಲಿ ಬಂದ್ಲು ಲೆಕ್ಕದಾಗ?" ಎಂದರು ಕಾಕಾ. ಅವ್ವ ತಣ್ಣನೆಯ ಅಂಬಲಿ ಕುಡಿದು ಮುಸುರೆ ತಿಕ್ಕಲು ಎದ್ದಳು.

ಈಗಲೂ ಅವಳು ಕೊನೆಗೇ ಉಣ್ಣುತ್ತಾಳಂತೆ. ಈ ಸಲ ಊರಿಗೆ ಬಂದಾಗ ಅವಳಿಗೆ ಮೊದಲು ಬಡಿಸಿಯೇ ನಾನು ಕೂರುವುದು. ಶುಕ್ರವಾರ, ಬೆಳಗಿನ ಪುಣೆ ಗಾಡಿಯಿಂದ ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ.